ಬ್ಯಾಕ್ ಪೇಪರ್‌ನಿಂದ ವಿಶ್ವ ಚಾಂಪಿಯನ್‌ಶಿಪ್‌ವರೆಗೆ: ಕಾರುಗಳನ್ನು ತಗ್ಗಿಸಿದ ಕಾಲಿನ್ ಚಾಪ್‌ಮನ್

ನಮ್ಮ ಕಾಲೇಜಲ್ಲಿ ಕಾರು ಹುಚ್ಚಿನವರಿಗೆ ಕಮ್ಮಿ ಇಲ್ಲ. ಅವರ ಹತ್ರ ಮಾತಾಡಿದ್ರೆ ಒಂದು ವಿಷಯ ಬಂದೇ ಬರುತ್ತೆ: ಲೋವರಿಂಗ್ ಸ್ಪ್ರಿಂಗ್. ಕಾರಿನ ಮೂಲ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಿದ್ರೆ ಕಾರು ನೆಲಕ್ಕೆ ಹತ್ತಿರ ಕೂರುತ್ತೆ, ನೋಡೋಕೆ ಚೆನ್ನಾಗಿರುತ್ತೆ, ತಿರುವಲ್ಲಿ ವಾಲೋದು ಕಮ್ಮಿಯಾಗುತ್ತೆ. ಮನೆಯಲ್ಲೇ ಒಂದು ಭಾನುವಾರ ಮಾಡಿಬಿಡಬಹುದು ಅಂತ ವಿಡಿಯೋ ನೋಡಿದವರೆಲ್ಲ ಹೇಳ್ತಾರೆ. ಆದರೆ ಕಾರು ಯಾಕೆ ತಗ್ಗಬೇಕು, ಸ್ಪ್ರಿಂಗ್ ನಿಜವಾಗಿ ಏನು ಮಾಡುತ್ತೆ, ಅದನ್ನು ಮುಟ್ಟಿದ್ರೆ ಬೇರೆ ಏನೇನು ಬದಲಾಗುತ್ತೆ? ಈ ಪ್ರಶ್ನೆಗಳನ್ನು ಜೀವನಪೂರ್ತಿ ಕೇಳಿಕೊಂಡ ಒಬ್ಬ ಎಂಜಿನಿಯರ್ ಇದ್ದ. ಅವನ ಹೆಸರು ಕಾಲಿನ್ ಚಾಪ್‌ಮನ್, ಲೋಟಸ್ ಕಂಪನಿ ಕಟ್ಟಿದವನು. ಅವನ ಮೊದಲ ಕಾರು ತಯಾರಾದದ್ದು ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ.

ಗಣಿತದಲ್ಲಿ ಫೇಲ್ ಆದ ಹುಡುಗ

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಇಂಗ್ಲೆಂಡಿನ ಸರ್ರೆಯ ರಿಚ್ಮಂಡ್‌ನಲ್ಲಿ. ಬೆಳೆದದ್ದು ಉತ್ತರ ಲಂಡನ್‌ನಲ್ಲಿ. ಅಲ್ಲಿನ ಹಾರ್ನ್ಸಿಯಲ್ಲಿ ಅವನ ಅಪ್ಪ ರೈಲ್ವೆ ಹೋಟೆಲ್ ಅನ್ನೋ ಪಬ್ ನಡೆಸ್ತಿದ್ರು. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಅವನು ಯೂನಿವರ್ಸಿಟಿ ಕಾಲೇಜ್ ಲಂಡನ್ ಸೇರಿದ್ದ. ಓದಿದ್ದು ಮೆಕ್ಯಾನಿಕಲ್ ಅಲ್ಲ, ಸ್ಟ್ರಕ್ಚರಲ್ ಎಂಜಿನಿಯರಿಂಗ್. ಅಂದರೆ ನಮ್ಮ ಸಿವಿಲ್ ಬ್ರಾಂಚಿನವರು ಓದೋ ಬೀಮ್, ಟ್ರಸ್, ಲೋಡ್. ಮುಂದೆ ಅವನು ಕಾರನ್ನು ಉಳಿದವರಿಗಿಂತ ಬೇರೆ ಥರ ನೋಡಿದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನನಗನಿಸುತ್ತೆ.

ಕ್ಲಾಸಿಗಿಂತ ಹೊರಗಿನ ಕೆಲಸಗಳಲ್ಲೇ ಅವನಿಗೆ ಆಸಕ್ತಿ ಹೆಚ್ಚು. ಯೂನಿವರ್ಸಿಟಿಯ ಏರ್ ಸ್ಕ್ವಾಡ್ರನ್ ಸೇರಿ ವಿಮಾನ ಹಾರಿಸೋದು ಕಲಿತ. ಜೊತೆಗೆ ಲಂಡನ್ನಿನ ವಾರೆನ್ ಸ್ಟ್ರೀಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಶುರು ಮಾಡಿದ. ಯುದ್ಧದ ನಂತರ ಹೊಸ ಕಾರು ಸಿಗೋದೇ ಕಷ್ಟ ಇದ್ದ ಕಾಲ ಅದು. ಹಾಗಾಗಿ ಹಳೇ ಕಾರಿಗೆ ಒಳ್ಳೇ ಬೆಲೆ. ಆದರೆ 1947ರಲ್ಲಿ ಸರ್ಕಾರ ಜನಸಾಮಾನ್ಯರ ಪೆಟ್ರೋಲ್ ರೇಷನ್ ನಿಲ್ಲಿಸಿತು. ಪೆಟ್ರೋಲೇ ಇಲ್ಲ ಅಂದಮೇಲೆ ಹಳೇ ಕಾರು ಯಾರು ತಗೋತಾರೆ? ಅವನು ಇದ್ದ ಕಾರುಗಳನ್ನೆಲ್ಲ ನಷ್ಟಕ್ಕೆ ಮಾರಬೇಕಾಯಿತು. ಮಾರಾಟವಾಗದೆ ಉಳಿದದ್ದು ಒಂದು ಹಳೇ ಆಸ್ಟಿನ್ ಸೆವೆನ್.

ಇಷ್ಟರ ನಡುವೆ ಕೊನೇ ವರ್ಷದ ಗಣಿತದ ಪೇಪರ್‌ನಲ್ಲಿ ಫೇಲ್ ಆದ. 1948ರಲ್ಲಿ ಡಿಗ್ರಿ ಇಲ್ಲದೆ ಕಾಲೇಜು ಬಿಟ್ಟ. ಮುಂದಿನ ವರ್ಷ ಅದೇ ಪೇಪರ್ ಮತ್ತೆ ಬರೆದು ಪಾಸಾದ. ಬ್ಯಾಕ್ ಇರೋರು ಇದನ್ನು ಅಮ್ಮನಿಗೆ ತೋರಿಸಬಹುದು, ಆದರೆ ಮುಂದಿನ ವರ್ಷ ಪಾಸಾದ ಅನ್ನೋದನ್ನೂ ಸೇರಿಸಿಯೇ ತೋರಿಸಿ.

ಶೆಡ್ಡಿನಲ್ಲಿ ಹುಟ್ಟಿದ ಲೋಟಸ್

ಉಳಿದಿದ್ದ ಆ ಆಸ್ಟಿನ್ ಸೆವೆನ್‌ನ್ನು ಚಾಪ್‌ಮನ್ ತನ್ನ ಗೆಳತಿ ಹೇಜಲ್ ವಿಲಿಯಮ್ಸ್ ಮನೆಯ ಹಿಂದಿದ್ದ ಗ್ಯಾರೇಜಿಗೆ ತಂದ. ಬಾಡಿಯನ್ನು ಕಿತ್ತು ಹಾಕಿದ. ಆಸ್ಟಿನ್ ಸೆವೆನ್‌ನ ಚಾಸಿ ಬಹಳ ತೆಳು, ಸ್ವಲ್ಪ ತಿರುಚಿದ್ರೂ ಬಾಗುತ್ತೆ. ಅದರ ಮೇಲೆ ಅವನು ಅಲ್ಯೂಮಿನಿಯಂ ಅಂಟಿಸಿದ ಪ್ಲೈವುಡ್‌ನಿಂದ ಪೆಟ್ಟಿಗೆಯಂಥ ಬಾಡಿ ಕಟ್ಟಿದ. ವಿಮಾನಗಳಲ್ಲಿ ಮಾಡೋ ಹಾಗೆ ಅಡ್ಡ ಗೋಡೆಗಳನ್ನು ಕೊಟ್ಟು ಬಾಡಿಯೇ ಚಾಸಿಯನ್ನು ಗಟ್ಟಿ ಮಾಡೋ ಹಾಗೆ ಮಾಡಿದ. ಇದೇ ಮೊದಲ ಲೋಟಸ್, ಮಾರ್ಕ್ 1. ಕೆಸರು, ಏರು ದಾರಿಗಳಲ್ಲಿ ನಡೆಯೋ ಟ್ರಯಲ್ಸ್ ಸ್ಪರ್ಧೆಗಳಿಗೆ ಅದನ್ನು ತಗೊಂಡು ಹೋದ. ಪಕ್ಕದ ಸೀಟಲ್ಲಿ ಹೇಜಲ್ ಕೂರ್ತಿದ್ರು.

ಸ್ವಲ್ಪ ದಿನ ವಾಯುಪಡೆಯಲ್ಲಿ, ಆಮೇಲೆ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯಲ್ಲಿ ಕೆಲಸ ಮಾಡಿದ. ಸಂಜೆಯಾದ ಮೇಲೆ ಕಾರಿನ ಕೆಲಸ. 1952ರಲ್ಲಿ ಹೇಜಲ್ ಕೊಟ್ಟ 25 ಪೌಂಡ್ ಸಾಲದ ಬಲದಲ್ಲಿ ಲೋಟಸ್ ಎಂಜಿನಿಯರಿಂಗ್ ಶುರುವಾಯಿತು. ವರ್ಕ್‌ಶಾಪ್ ಇದ್ದದ್ದು ಅಪ್ಪನ ಪಬ್ ಹಿಂದಿನ ಹಳೇ ಕುದುರೆ ಲಾಯದಲ್ಲಿ. 1954ರಲ್ಲಿ ಇಬ್ಬರೂ ಮದುವೆಯಾದರು.

ಕಂಪನಿಯನ್ನು ನಿಲ್ಲಿಸಿದ್ದು ಮಾರ್ಕ್ 6 ಅನ್ನೋ ಕಾರು. ತೆಳು ಸ್ಟೀಲ್ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ವೆಲ್ಡ್ ಮಾಡಿದ ಫ್ರೇಮ್, ನಾವು ಸೇತುವೆಯಲ್ಲಿ ನೋಡೋ ಟ್ರಸ್ ಥರ. ಮುಂದಿನ ಆಕ್ಸಲ್‌ಗೆ ಫೋರ್ಡ್ ಕಾರಿನ ಒಂದೇ ತುಂಡಿನ ಆಕ್ಸಲ್‌ನ್ನು ನಡುವೆ ಕತ್ತರಿಸಿ ಕೀಲು ಕೊಟ್ಟ. ಆಗ ಎಡ ಚಕ್ರ ಗುಂಡಿಗೆ ಬಿದ್ದರೆ ಬಲ ಚಕ್ರಕ್ಕೆ ಅದರ ಪೆಟ್ಟು ಹೋಗೋದಿಲ್ಲ. ಈ ಕಾರನ್ನು ಅವನು ಬಿಡಿಭಾಗಗಳ ಕಿಟ್ ಆಗಿ ಮಾರಿದ. ಕಾರಣ ತೆರಿಗೆ. ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು, ಬಿಡಿಭಾಗಗಳನ್ನು ತಂದು ಮನೆಯಲ್ಲಿ ಜೋಡಿಸಿಕೊಂಡರೆ ಇರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಕೂಡ ಹೀಗೇ ಮಾರಾಟವಾಯಿತು. ಕಿಟ್ ಜೊತೆ ಜೋಡಿಸುವ ಪುಸ್ತಕ ಕೊಡಬಾರದು ಅನ್ನೋ ನಿಯಮ ಇತ್ತಂತೆ. ಅದಕ್ಕೆ ಲೋಟಸ್‌ನವರು ಕಾರು ಬಿಚ್ಚುವುದು ಹೇಗೆ ಅಂತ ಬರೆದು ಕೊಟ್ಟರು, ಗಿರಾಕಿ ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ತಿದ್ದ ಅನ್ನೋ ಕಥೆ ಕಾರು ಪ್ರಿಯರಲ್ಲಿ ಇವತ್ತಿಗೂ ಓಡಾಡುತ್ತೆ. ಒಟ್ಟಿನಲ್ಲಿ ಸಾವಿರಾರು ಜನ ತಮ್ಮ ಮನೆ ಗ್ಯಾರೇಜಲ್ಲೇ ಸ್ಪ್ರಿಂಗ್, ಡ್ಯಾಂಪರ್ ಕೂರಿಸಿ ಕಾರು ಕಟ್ಟಿದರು.

ಮೆತ್ತನೆ ಸ್ಪ್ರಿಂಗ್, ಗಟ್ಟಿ ಚಾಸಿ

ಈಗ ಮುಖ್ಯ ವಿಷಯ. 1950ರ ದಶಕದಲ್ಲಿ ಸ್ಪೋರ್ಟ್ಸ್ ಕಾರು ಅಂದ್ರೆ ಕಲ್ಲಿನಂಥ ಸ್ಪ್ರಿಂಗ್ ಅಂತಲೇ ಹೆಚ್ಚಿನವರ ನಂಬಿಕೆ. ಚಾಸಿ ಬಾಗಿದ್ರೂ ಚಿಂತೆ ಇಲ್ಲ, ಸ್ಪ್ರಿಂಗ್ ಮಾತ್ರ ಗಟ್ಟಿ ಇರಬೇಕು. ಸ್ಟ್ರಕ್ಚರಲ್ ಓದಿದ್ದ ಚಾಪ್‌ಮನ್ ಇದನ್ನು ತಿರುಗಿಸಿ ಹಾಕಿದ. ಚಾಸಿಯೇ ತಿರುಚುತ್ತಿದ್ದರೆ ಅದೂ ಒಂದು ಸ್ಪ್ರಿಂಗ್ ಆಗುತ್ತೆ, ಅದಕ್ಕೆ ಡ್ಯಾಂಪರ್ ಬೇರೆ ಇರೋದಿಲ್ಲ. ಆಗ ಸಸ್ಪೆನ್ಶನ್ ಎಷ್ಟು ಲೆಕ್ಕ ಹಾಕಿ ಮಾಡಿದ್ರೂ ಪ್ರಯೋಜನ ಇಲ್ಲ. ಹಾಗಾಗಿ ಚಾಸಿ ಹಗುರವಾಗಿ, ಗಟ್ಟಿಯಾಗಿ ಇರಬೇಕು. ಸ್ಪ್ರಿಂಗ್ ಮೆತ್ತಗಿರಬೇಕು, ಚಕ್ರ ಮೇಲೆ ಕೆಳಗೆ ಹೋಗೋಕೆ ಸಾಕಷ್ಟು ಜಾಗ ಇರಬೇಕು, ಕುಣಿತ ನಿಲ್ಲಿಸೋಕೆ ಒಳ್ಳೇ ಡ್ಯಾಂಪರ್ ಬೇಕು. ಹೀಗಿದ್ದರೆ ಟೈರ್ ಸದಾ ರಸ್ತೆಗೆ ಅಂಟಿಕೊಂಡಿರುತ್ತೆ. ಟೈರ್ ರಸ್ತೆ ಬಿಟ್ಟರೆ ಹಿಡಿತ ಸೊನ್ನೆ.

ಹಾಗಾದ್ರೆ ಅವನ ಕಾರುಗಳು ಅಷ್ಟು ತಗ್ಗಾಗಿದ್ದದ್ದು ಹೇಗೆ? ಸ್ಪ್ರಿಂಗ್ ಗಿಡ್ಡ ಮಾಡಿ ಅಲ್ಲ. ಭಾರ ಇರೋ ಭಾಗಗಳನ್ನೇ ಕೆಳಗೆ ಇಟ್ಟು. 1962ರ ಲೋಟಸ್ 25 ನೋಡಿ. ಪೈಪ್ ಫ್ರೇಮ್ ಬಿಟ್ಟು ಅಲ್ಯೂಮಿನಿಯಂ ಹಾಳೆಗಳ ತೊಟ್ಟಿಯಂಥ ಮಾನೊಕಾಕ್ ಮಾಡಿದ. ಡ್ರೈವರ್ ಅದರಲ್ಲಿ ಆರಾಮ ಕುರ್ಚಿಯಲ್ಲಿ ಮಲಗಿದ ಹಾಗೆ ಹಿಂದಕ್ಕೆ ಒರಗಬೇಕು. ಮುಂದಿನ ಸ್ಪ್ರಿಂಗ್‌ಗಳನ್ನು ಗಾಳಿಗೆ ಅಡ್ಡ ಬರದಂತೆ ಬಾಡಿಯ ಒಳಗಿಟ್ಟ. ಕಾರು ಹಳೇದಕ್ಕಿಂತ ಹಗುರ, ಆದರೆ ತಿರುಚುವಿಕೆಗೆ ಹೆಚ್ಚು ಗಟ್ಟಿ. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ ಇದರಲ್ಲಿ 1963ರ ಫಾರ್ಮುಲಾ ಒನ್ ಚಾಂಪಿಯನ್ ಆದ. 1965ರಲ್ಲಿ ಮತ್ತೆ ಚಾಂಪಿಯನ್, ಅದೇ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ 500 ಕೂಡ ಗೆದ್ದ. ಲೋಟಸ್ ಗೆದ್ದಾಗಲೆಲ್ಲ ಚಾಪ್‌ಮನ್ ತನ್ನ ಕಪ್ಪು ಟೋಪಿಯನ್ನು ಗಾಳಿಗೆ ಎಸೀತಿದ್ದ.

ಸ್ಪ್ರಿಂಗ್ ಬದಲಿಸೋದರ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಒಂದು ಲೆಕ್ಕ ಮಾಡೋಣ. ಇವತ್ತಿನ ಬಹುಪಾಲು ಸಣ್ಣ ಕಾರುಗಳ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದೇ ಕಂಬದಲ್ಲಿ. ಇದೇ ಉಪಾಯವನ್ನು ಹಿಂದಿನ ಚಕ್ರಕ್ಕೆ ತಂದವನು ಚಾಪ್‌ಮನ್, ಅದನ್ನು ಚಾಪ್‌ಮನ್ ಸ್ಟ್ರಟ್ ಅಂತಲೇ ಕರೀತಾರೆ. 1957ರಲ್ಲಿ ತೋರಿಸಿದ ಫೈಬರ್‌ಗ್ಲಾಸ್ ಬಾಡಿಯ ಲೋಟಸ್ ಎಲೀಟ್‌ನಲ್ಲಿ ಅದು ಇತ್ತು.

ಉದಾಹರಣೆಗೆ, ಒಂದು ಚಕ್ರದ ಸ್ಪ್ರಿಂಗ್ ಮೇಲೆ 3000 ನ್ಯೂಟನ್ ಭಾರ ಇದೆ, ಸ್ಪ್ರಿಂಗ್‌ನ ಗಡಸುತನ ಮಿಲಿಮೀಟರಿಗೆ 20 ನ್ಯೂಟನ್ ಅಂತ ಇಟ್ಕೊಳ್ಳಿ. ಹುಕ್‌ನ ನಿಯಮದ ಪ್ರಕಾರ ಅದು 150 ಮಿ.ಮೀ. ಕುಗ್ಗಿ ನಿಲ್ಲುತ್ತೆ. ಈಗ ಗಡಸುತನ 25 ಇರೋ ಸ್ಪ್ರಿಂಗ್ ಹಾಕಿದ್ರೆ ಕುಗ್ಗೋದು 120 ಮಾತ್ರ. ಉದ್ದ ಅಷ್ಟೇ ಇದ್ದರೆ ಕಾರು ತಗ್ಗೋ ಬದಲು 30 ಮಿ.ಮೀ. ಎದ್ದು ನಿಲ್ಲುತ್ತೆ! ಮೂಲಕ್ಕಿಂತ 30 ಮಿ.ಮೀ. ತಗ್ಗಬೇಕಾದ್ರೆ ಈ ಹೊಸ ಸ್ಪ್ರಿಂಗ್ 60 ಮಿ.ಮೀ. ಗಿಡ್ಡ ಇರಬೇಕು. ಗಡಸು ಯಾಕೆ ಬೇಕು ಅಂದ್ರೆ, ಕಾರು ತಗ್ಗಿದಾಗ ಚಕ್ರ ಮೇಲಕ್ಕೆ ಹೋಗೋ ಜಾಗ 30 ಮಿ.ಮೀ. ಕಮ್ಮಿಯಾಗಿರುತ್ತೆ. ಅದೇ ಮೆತ್ತನೆ ಸ್ಪ್ರಿಂಗ್ ಇದ್ದರೆ ಪ್ರತಿ ಹಂಪ್‌ಗೂ ರಬ್ಬರ್ ಸ್ಟಾಪರ್‌ಗೆ ಬಡೀತದೆ. ಗಡಸು ಹೆಚ್ಚಾದ ಮೇಲೆ ಹಳೇ ಡ್ಯಾಂಪರ್ ಸಾಲದೆ ಹೋಗಬಹುದು. ಗ್ಯಾರೇಜಲ್ಲಿ ಕೆಲವರು ಸ್ಪ್ರಿಂಗ್‌ನ್ನೇ ಕಟ್ಟರ್‌ನಲ್ಲಿ ಕತ್ತರಿಸ್ತಾರೆ. 6 ಸುತ್ತಿನಲ್ಲಿ 1 ಸುತ್ತು ಹೋದರೆ ಗಡಸು 6ಕ್ಕೆ 5ರ ಲೆಕ್ಕದಲ್ಲಿ 24 ಆಗುತ್ತೆ, ಆದರೆ ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರೋದಿಲ್ಲ.

ಕೆಲಸದ ಕ್ರಮ ಕೇಳೋಕೆ ಸುಲಭ. ಸಮ ನೆಲದಲ್ಲಿ ಕಾರು ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು, ಬರೀ ಜಾಕ್ ನಂಬಬಾರದು. ಚಕ್ರ ತೆಗೆದು, ಬ್ರೇಕ್ ಹೋಸ್ ಮತ್ತು ವೈರ್ ಬಿಡಿಸಿ, ಕೆಳಗಿನ ಎರಡು ಬೋಲ್ಟು, ಮೇಲಿನ ನಟ್ಟುಗಳನ್ನು ಬಿಚ್ಚಿ ಸ್ಟ್ರಟ್ ಹೊರಗೆ ತೆಗೀಬೇಕು. ಮಧ್ಯದ ದೊಡ್ಡ ನಟ್ಟು ಮಾತ್ರ ಈಗಲೇ ಬಿಚ್ಚಬಾರದು. ಮೊದಲು ಸ್ಪ್ರಿಂಗ್ ಕಂಪ್ರೆಸರ್ ಅನ್ನೋ ಸಾಧನವನ್ನು ಎರಡೂ ಕಡೆ ಹಾಕಿ, ಸ್ವಲ್ಪ ಸ್ವಲ್ಪ ಸಮವಾಗಿ ಬಿಗಿದು ಸ್ಪ್ರಿಂಗ್ ಸಡಿಲ ಆದ ಮೇಲೇ ಆ ನಟ್ಟು. ಯಾಕಂದ್ರೆ ಗಡಸು 25 ಇರೋ ಸ್ಪ್ರಿಂಗ್ 150 ಮಿ.ಮೀ. ಕುಗ್ಗಿದಾಗ ಅದರಲ್ಲಿ ಸುಮಾರು 280 ಜೂಲ್ ಶಕ್ತಿ ಇರುತ್ತೆ. 10 ಕೆ.ಜಿ. ಕಲ್ಲು ಸುಮಾರು 3 ಮೀಟರ್ ಎತ್ತರದಿಂದ ಬಿದ್ದಷ್ಟು. ಅದು ಮುಖಕ್ಕೆ ಹಾರಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಎತ್ತರ ಬದಲಾದ್ರೆ ಚಕ್ರದ ಕೋನಗಳೂ ಬದಲಾಗ್ತವೆ. ನಮ್ಮಲ್ಲಿ ಇನ್ನೊಂದು ತಲೆನೋವು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗಿ ವಾಹನ ಮಾರ್ಪಡಿಸೋಕೆ ಅದು ಅಡ್ಡ ಬರುತ್ತೆ.

ಹಗುರದ ಬೆಲೆ

ಚಾಪ್‌ಮನ್ ಕಥೆಯಲ್ಲಿ ಬರೀ ಗೆಲುವು ಹೇಳಿದ್ರೆ ಮೋಸ ಆಗುತ್ತೆ. ಪ್ರತಿ ಭಾಗವನ್ನೂ ಎಷ್ಟು ತೆಳು ಮಾಡಬಹುದು ಅಂತ ನೋಡೋದು ಅವನ ಅಭ್ಯಾಸ. 1960ರಲ್ಲಿ ಬೆಲ್ಜಿಯಂನ ಸ್ಪಾ ರೇಸಿನ ಪ್ರಾಕ್ಟೀಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸ್ತಿದ್ದ ಲೋಟಸ್‌ನ ಹಿಂದಿನ ಚಕ್ರ ಕಿತ್ತು ಬಂತು. ಅದೇ ದಿನ ಮೈಕ್ ಟೇಲರ್ ಓಡಿಸ್ತಿದ್ದ ಲೋಟಸ್‌ನ ಸ್ಟೀರಿಂಗ್ ಕಂಬ ಮುರೀತು. ಇಬ್ಬರಿಗೂ ಗಂಭೀರ ಗಾಯ. ಟೇಲರ್ ರೇಸಿಂಗ್ ಜೀವನ ಅಲ್ಲಿಗೇ ಮುಗೀತು.

1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಜಿಮ್ ಕ್ಲಾರ್ಕ್ ಸತ್ತ. ಟೈರ್ ಗಾಳಿ ಹೋಗಿದ್ದೇ ಕಾರಣ ಅಂತ ಹೆಚ್ಚಿನವರ ಅಭಿಪ್ರಾಯ. ಕ್ಲಾರ್ಕ್ ಬರೀ ಡ್ರೈವರ್ ಆಗಿರಲಿಲ್ಲ, ಚಾಪ್‌ಮನ್‌ಗೆ ಆಪ್ತ ಗೆಳೆಯ. ಆ ವರ್ಷ ಗ್ರಹಾಂ ಹಿಲ್ ತಂಡವನ್ನು ಎತ್ತಿ ಹಿಡಿದು ಚಾಂಪಿಯನ್ ಆದ.

ಅದೇ 1968ರಲ್ಲಿ ಕಾರುಗಳ ಮೇಲೆ ಎತ್ತರದ ರೆಕ್ಕೆಗಳು ಬಂದವು. ಲೋಟಸ್‌ನಲ್ಲಿ ರೆಕ್ಕೆಯ ಕಾಲುಗಳನ್ನು ಬಾಡಿಗೆ ಜೋಡಿಸದೆ, ನೇರ ಚಕ್ರದ ಬುಡಕ್ಕೆ ಜೋಡಿಸಿದ್ದರು. ಗಾಳಿಯ ಒತ್ತಡ ಸ್ಪ್ರಿಂಗನ್ನು ಕುಗ್ಗಿಸದೆ ನೇರ ಟೈರಿಗೆ ಹೋಗಬೇಕು ಅನ್ನೋ ಲೆಕ್ಕ. ಲೆಕ್ಕ ಸರಿ, ಕಾಲು ತೆಳು. 1969ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಹಿಲ್ ಮತ್ತು ಯೋಖನ್ ರಿಂಟ್ ಇಬ್ಬರ ಕಾರಿನ ರೆಕ್ಕೆಗಳೂ ಒಂದೇ ರೇಸಿನಲ್ಲಿ ಮುರಿದು ಬಿದ್ದವು. ರಿಂಟ್ ಗಾಯಗೊಂಡ. ಕಾರು ಇನ್ನು ಸ್ವಲ್ಪ ಭಾರ ಆದ್ರೂ ಪರವಾಗಿಲ್ಲ, ದುರ್ಬಲ ಭಾಗಗಳನ್ನು ಗಟ್ಟಿ ಮಾಡಿ ಅನ್ನೋ ಅರ್ಥದಲ್ಲಿ ಅವನು ಚಾಪ್‌ಮನ್‌ಗೆ ಪತ್ರ ಬರೆದ.

1970ರಲ್ಲಿ ಲೋಟಸ್ 72 ಬಂತು. ಸುರುಳಿ ಸ್ಪ್ರಿಂಗ್ ಬದಲು ತಿರುಚುವ ಸರಳುಗಳು. ಮುಂದಿನ ಬ್ರೇಕ್‌ಗಳನ್ನು ಚಕ್ರದಿಂದ ತೆಗೆದು ಬಾಡಿಯ ಒಳಗೆ ಇಟ್ಟರು, ಚಕ್ರದ ಜೊತೆ ಕುಣಿಯೋ ಭಾರ ಕಮ್ಮಿಯಾದ್ರೆ ಸಸ್ಪೆನ್ಶನ್ ಚೆನ್ನಾಗಿ ಕೆಲಸ ಮಾಡುತ್ತೆ ಅಂತ. ಚಕ್ರಕ್ಕೂ ಬ್ರೇಕಿಗೂ ನಡುವೆ ಒಂದು ಶಾಫ್ಟ್. ಸೆಪ್ಟೆಂಬರ್ 5ರಂದು ಇಟಲಿಯ ಮೋಂಜಾದಲ್ಲಿ ರಿಂಟ್ ಬ್ರೇಕ್ ಹಾಕಿದಾಗ ಬಲಗಡೆಯ ಆ ಶಾಫ್ಟ್ ಮುರಿಯಿತು. ಕಾರು ತಡೆಗೋಡೆಗೆ ಬಡಿದು ರಿಂಟ್ ಸತ್ತ. ಅಪಘಾತ ಶುರುವಾದದ್ದು ಶಾಫ್ಟ್‌ನಿಂದ, ಸಾವಿಗೆ ಕಾರಣ ಸರಿಯಾಗಿ ಹಾಕದ ತಡೆಗೋಡೆ ಅಂತ ಇಟಲಿಯ ತನಿಖೆ ಹೇಳಿತು. ಆ ವರ್ಷದ ಅಂಕಗಳಲ್ಲಿ ಅವನನ್ನು ಯಾರೂ ದಾಟಲಿಲ್ಲ. ಸತ್ತ ಮೇಲೆ ವಿಶ್ವ ಚಾಂಪಿಯನ್ ಆದ ಒಬ್ಬನೇ ಫಾರ್ಮುಲಾ ಒನ್ ಡ್ರೈವರ್ ರಿಂಟ್.

ಆರು ಸೆಂಟಿಮೀಟರ್ ಜಗಳ

ಲೋಟಸ್ 72ರಲ್ಲೇ ಎಮರ್ಸನ್ ಫಿಟ್ಟಿಪಾಲ್ಡಿ 1972ರಲ್ಲಿ ಚಾಂಪಿಯನ್ ಆದ. ಆಮೇಲೆ ಚಾಪ್‌ಮನ್ ತಂಡ ಹೊಸದೊಂದು ಕಂಡುಕೊಂಡಿತು. ಕಾರಿನ ಅಡಿಭಾಗವನ್ನು ತಲೆಕೆಳಗಾದ ವಿಮಾನದ ರೆಕ್ಕೆಯ ಹಾಗೆ ಮಾಡಿದರೆ ಅಡಿಯ ಗಾಳಿ ವೇಗವಾಗಿ ಹರಿದು, ಒತ್ತಡ ಕಮ್ಮಿಯಾಗಿ, ಕಾರು ನೆಲಕ್ಕೆ ಹೀರಿಕೊಳ್ಳುತ್ತೆ. ಇದೇ ಗ್ರೌಂಡ್ ಎಫೆಕ್ಟ್. 1978ರಲ್ಲಿ ಮಾರಿಯೋ ಆಂಡ್ರೆಟ್ಟಿ ಲೋಟಸ್ 79ರಲ್ಲಿ ಗೆದ್ದ. ಆದರೆ ಅವನು ಚಾಂಪಿಯನ್ ಅಂತ ಖಚಿತವಾದ ಮೋಂಜಾ ರೇಸಿನಲ್ಲೇ ತಂಡದ ರಾನಿ ಪೀಟರ್ಸನ್‌ಗೆ ಅಪಘಾತವಾಗಿ ಮರುದಿನ ತೀರಿಕೊಂಡ.

ಈ ಹೀರುವಿಕೆ ಕೆಲಸ ಮಾಡೋಕೆ ಕಾರು ನೆಲಕ್ಕೆ ಬಹಳ ಹತ್ತಿರ, ಅದೂ ಒಂದೇ ಎತ್ತರದಲ್ಲಿ ಇರಬೇಕು. 1981ರಲ್ಲಿ ಅಧಿಕಾರಿಗಳು ಕಾರಿನಡಿ 6 ಸೆ.ಮೀ. ಜಾಗ ಇರಲೇಬೇಕು ಅಂತ ನಿಯಮ ಮಾಡಿದರು. ಅಳೆಯೋದು ಕಾರು ನಿಂತಿದ್ದಾಗ. ಬ್ರಾಬಮ್ ತಂಡ ತಕ್ಷಣ ಓಡುವಾಗ ಗಾಳಿಯ ಒತ್ತಡಕ್ಕೆ ತಗ್ಗಿ, ನಿಲ್ಲೋ ಹೊತ್ತಿಗೆ ಎದ್ದು ನಿಲ್ಲೋ ಸಸ್ಪೆನ್ಶನ್ ಮಾಡಿತು. ಉಳಿದವರೂ ಅದನ್ನೇ ಹಿಡಿದರು. ಆದರೆ ತಗ್ಗಿದ ಮೇಲೆ ಎತ್ತರ ಬದಲಾಗಬಾರದು ಅಂತ ಸ್ಪ್ರಿಂಗ್ ಕಲ್ಲಾಗಿತ್ತು, ಡ್ರೈವರ್‌ಗಳ ಬೆನ್ನು ಮುರೀತಿತ್ತು.

ಚಾಪ್‌ಮನ್ ಉತ್ತರ ಲೋಟಸ್ 88. ಒಂದು ಕಾರಿಗೆ ಎರಡು ಚಾಸಿ. ಹೊರಗಿನ ಚಾಸಿ ಗಾಳಿಯ ಭಾರವನ್ನು ಹೊತ್ತು ತನ್ನ ಗಟ್ಟಿ ಸ್ಪ್ರಿಂಗ್ ಮೇಲೆ ತಗ್ಗುತ್ತೆ. ಒಳಗಿನ ಚಾಸಿ ಡ್ರೈವರ್ ಮತ್ತು ಎಂಜಿನ್ ಹೊತ್ತು ಮೆತ್ತನೆ ಸ್ಪ್ರಿಂಗ್ ಮೇಲೆ ನಿಲ್ಲುತ್ತೆ. ಬೇರೆ ತಂಡಗಳು ದೂರು ಕೊಟ್ಟವು. ಕಾರನ್ನು ರೇಸಿಗೆ ಬಿಡಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದ್ರೂ ಅದು ಒಂದು ರೇಸನ್ನೂ ಓಡಲಿಲ್ಲ. ತಗ್ಗಿಸಿದ ಕಾರುಗಳೆಲ್ಲ ಓಡಾಡ್ತಿರುವಾಗ ತನ್ನದು ಮಾತ್ರ ನಿಂತಿದ್ದು ಅವನಿಗೆ ಬಹಳ ಕಹಿಯಾಯಿತು. ಸಿಟ್ಟಿಗೆ ಲೋಟಸ್ ಇಮೋಲಾ ರೇಸಿಗೇ ಹೋಗಲಿಲ್ಲ.

ಕೊನೆಯ ವರ್ಷಗಳು

ಇದೇ ಕಾಲದಲ್ಲಿ ಇನ್ನೊಂದು ಕಾರು ಅವನ ಹೆಸರಿಗೆ ಅಂಟಿಕೊಂಡಿತು. ಜಾನ್ ಡೆಲೋರಿಯನ್ ಅನ್ನೋ ಅಮೆರಿಕದವನು ಬ್ರಿಟಿಷ್ ಸರ್ಕಾರದ ಹಣದಲ್ಲಿ ಉತ್ತರ ಐರ್ಲೆಂಡಿನಲ್ಲಿ ಕಾರ್ಖಾನೆ ಕಟ್ಟಿದ. ಆ ಸ್ಟೀಲ್ ಬಣ್ಣದ ಕಾರಿನ ಎಂಜಿನಿಯರಿಂಗ್ ಮಾಡಿದ್ದು ಲೋಟಸ್. ತಮಾಷೆ ಏನಂದ್ರೆ, ಅಮೆರಿಕದ ನಿಯಮಕ್ಕಾಗಿ ಅದರ ಮೂತಿಯನ್ನು ಎತ್ತರಿಸಬೇಕಾಯಿತು ಅಂತ ಹೇಳ್ತಾರೆ. ಇವತ್ತಿಗೂ ಅದರ ಮಾಲೀಕರು ಮುಂದೆ ಲೋವರಿಂಗ್ ಸ್ಪ್ರಿಂಗ್ ಹಾಕಿ ಕಾರನ್ನು ಮೂಲ ವಿನ್ಯಾಸದ ನಿಲುವಿಗೆ ತರ್ತಾರೆ. ತಮಾಷೆ ಅಲ್ಲದ ಭಾಗ ಹಣದ್ದು. ಲೋಟಸ್‌ಗೆ ಅಂತ ಕೊಟ್ಟ ಸುಮಾರು 1.7 ಕೋಟಿ ಡಾಲರ್ ಮಧ್ಯದ ಒಂದು ಕಂಪನಿಯ ಮೂಲಕ ಮಾಯವಾಗಿತ್ತು. 1992ರಲ್ಲಿ ಲೋಟಸ್‌ನ ಹಣಕಾಸು ನೋಡಿಕೊಳ್ತಿದ್ದವರಿಗೆ ಜೈಲಾಯಿತು. ಚಾಪ್‌ಮನ್ ಬದುಕಿದ್ದರೆ ಅವನಿಗೆ ಇನ್ನೂ ದೊಡ್ಡ ಶಿಕ್ಷೆ ಆಗ್ತಿತ್ತು ಅಂತ ನ್ಯಾಯಾಧೀಶರು ಅಭಿಪ್ರಾಯಪಟ್ಟರು.

ಆದರೆ ಅವನು 1982ರ ಡಿಸೆಂಬರ್ 16ರಂದೇ ಹೃದಯಾಘಾತದಿಂದ ತೀರಿಕೊಂಡಿದ್ದ. ವಯಸ್ಸು 54. ಆ ಹೊತ್ತಿಗೆ ಲೋಟಸ್‌ನಲ್ಲಿ ಆಕ್ಟಿವ್ ಸಸ್ಪೆನ್ಶನ್ ಕೆಲಸ ನಡೀತಿತ್ತು. ಸ್ಪ್ರಿಂಗ್ ಜಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್, ಅದನ್ನು ನಡೆಸೋಕೆ ಸೆನ್ಸರ್ ಮತ್ತು ಕಂಪ್ಯೂಟರ್. ಎತ್ತರವನ್ನು ಸ್ಪ್ರಿಂಗ್ ನಿರ್ಧರಿಸೋ ಬದಲು ಲೆಕ್ಕ ನಿರ್ಧರಿಸುತ್ತೆ. 1987ರಲ್ಲಿ ಐರ್ಟನ್ ಸೆನ್ನಾ ಇಂಥ ಲೋಟಸ್‌ನಲ್ಲಿ ಮೊನಾಕೊ ಗೆದ್ದ. ಅದು ಆಕ್ಟಿವ್ ಸಸ್ಪೆನ್ಶನ್‌ಗೆ ಸಿಕ್ಕ ಮೊದಲ ಫಾರ್ಮುಲಾ ಒನ್ ಗೆಲುವು. ನೋಡೋಕೆ ಚಾಪ್‌ಮನ್ ಇರಲಿಲ್ಲ.

ಏಳು ತಂಡ ಚಾಂಪಿಯನ್‌ಶಿಪ್, ಆರು ಡ್ರೈವರ್ ಚಾಂಪಿಯನ್‌ಶಿಪ್ ಅವನ ಕಾಲದ ಲೋಟಸ್‌ಗೆ ಬಂದವು. ಅವನನ್ನು ದೇವರು ಮಾಡೋಕೂ ನನಗೆ ಮನಸ್ಸಿಲ್ಲ, ಕಳ್ಳ ಅಂತ ತಳ್ಳಿಹಾಕೋಕೂ ಆಗೋದಿಲ್ಲ. ಎರಡು ವಿಷಯ ಮಾತ್ರ ನಾವು ಎಂಜಿನಿಯರಿಂಗ್‌ನವರು ಅವನಿಂದ ತಗೋಬಹುದು. ಒಂದು, ಯಾವ ಭಾಗವನ್ನೂ ಒಂಟಿಯಾಗಿ ನೋಡಬಾರದು. ಸ್ಪ್ರಿಂಗ್ ಬದಲಿಸಿದರೆ ಡ್ಯಾಂಪರ್, ಚಕ್ರದ ಕೋನ, ಟೈರ್ ಎಲ್ಲವೂ ಬದಲಾದ ಹಾಗೇ. ಇನ್ನೊಂದನ್ನು ರಿಂಟ್ ಪತ್ರದಲ್ಲಿ ಕೇಳಿಕೊಂಡಿದ್ದ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಲ್ಲಿ ನಾವು ಫ್ಯಾಕ್ಟರ್ ಆಫ್ ಸೇಫ್ಟಿ ಅಂತ 2 ಅಥವಾ 3 ಹಾಕಿ ಲೆಕ್ಕ ಮುಗಿಸ್ತೀವಿ, ಎರಡು ಮಾರ್ಕ್ಸ್ ಬರುತ್ತೆ. ಮೋಂಜಾದಲ್ಲಿ ಮುರಿದ ಶಾಫ್ಟ್ ಹಿಂದೆಯೂ ಇದ್ದದ್ದು ಅದೇ ಲೆಕ್ಕ. ಮುಂದಿನ ಸಲ ಆ ಸಂಖ್ಯೆ ಬರೆಯುವಾಗ ಆ ಕಾರಿನೊಳಗೆ ಒಬ್ಬ ಮನುಷ್ಯ ಕೂತಿದ್ದ ಅನ್ನೋದು ನೆನಪಿರಲಿ.